ಹೊರಗೆ ಹೋಗಬೇಕಾದವರು ಯಾರು?

ಅಪ್ರೆಂಟಿಸ್ ಎಂಬ ಮಾತಿಗೆ ಕೆಲಸ ಕಲಿಯಲು ಬಂದ ಉಮೇದುವಾರ ಎಂದು ಅರ್ಥ. ಈ ಹೆಸರನ್ನಿಟ್ಟು ಅಮೆರಿಕದ ಎನ್.ಬಿ.ಸಿ. ಟೆಲಿವಿಷನ್ ಸಂಸ್ಥೆಯು 2004ರ ಜನವರಿ 8ರಂದು ಒಂದು ಸ್ಪರ್ಧೆಯನ್ನು ಆರಂಭಿಸಿತು. ಸ್ಪರ್ಧಿಗಳು ಹದಿನಾರು ಮಂದಿ: ಎಂಟು ಜನ ಗಂಡಸರು, ಎಂಟು ಜನ ಹೆಂಗಸರು. ವಾರಕ್ಕೊಂದು ವ್ಯಾಪಾರದ ಕೆಲಸ. ಸೋತ ತಂಡದವರು ನ್ಯೂಯಾರ್ಕಿನ ಕಟ್ಟಡದ ಧಣಿ ಶ್ರೀ ಡೊನಾಲ್ಡ್ ಟ್ರಂಪ್ ಅವರ ಮೇಜಿನ ಮುಂದೆ ಬಂದು ಕುಳಿತುಕೊಳ್ಳಬೇಕು. ಅವರಲ್ಲಿ ಒಬ್ಬರಿಗೆ ಧಣಿಯು ಬೆರಳು ತೋರಿಸಿ 'ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ' ಎನ್ನಬೇಕು. ಎಲ್ಲರೂ ಹೋಗಿ ಕಡೆಗೆ ಉಳಿದವರಿಗೆ ಟ್ರಂಪ್ ಕಂಪೆನಿಯೊಂದರಲ್ಲಿ ಒಂದು ವರ್ಷದ ಕೆಲಸ, 2,50,000 ಡಾಲರು ಸಂಬಳ. ಇದು ಆಟದ ಕ್ರಮ.

ಈ ಆಟವನ್ನು ನೋಡಿದವರೆಲ್ಲ ಒಂದೇ ಪ್ರಶ್ನೆಯನ್ನು ಹಿಡಿದು ವಾದ ಮಾಡಿದರು. ಈ ವಾರ ಹೋದವನು ಹೋಗಬೇಕಾದವನೇ, ಅಥವಾ ಬೇರೊಬ್ಬನು ಹೋಗಬೇಕಿತ್ತೇ? ಇಪ್ಪತ್ತು ವರ್ಷ ದಾಟಿದರೂ ಆ ವಾದ ಪೂರ್ತಿಯಾಗಿ ನಿಂತಿಲ್ಲ. ಹೊತ್ತು ಹೋಗದವರ ಹರಟೆ ಎಂದು ಕೆಲವರು ಇದನ್ನು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಗಿರಣಿಗೆ ನಷ್ಟವಾದಾಗ, ಸಾರಿಗೆಯ ಆದಾಯ ಕುಗ್ಗಿದಾಗ, ಬ್ಯಾಂಕು ಮುಳುಗಿದಾಗ ಏಳುವ ಪ್ರಶ್ನೆಯೂ ಇದೇ ಆಗಿದೆ. ತಪ್ಪು ಯಾರದು? ಮನೆಗೆ ಹೋಗಬೇಕಾದವರು ಯಾರು? ಆಟ ನೋಡುತ್ತ ಈ ಪ್ರಶ್ನೆಗೆ ಯಾವ ರೀತಿಯ ಉತ್ತರ ಕೊಡಲು ಜನರು ಅಭ್ಯಾಸ ಮಾಡಿಕೊಳ್ಳುತ್ತಾರೋ, ಕಾರ್ಖಾನೆಯ ಗೇಟಿನ ಮುಂದೆಯೂ ಅಂಥ ಉತ್ತರವನ್ನೇ ಕೊಡುತ್ತಾರೆ. ಆದುದರಿಂದ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, ಮೊಕದ್ದಮೆಗಳನ್ನು ಒಂದೊಂದಾಗಿ ನೋಡೋಣ.

ತೀರ್ಪಿಗೆ ಅಳತೆಗೋಲು ಬೇಕು. ನಾವು ಮೂರನ್ನು ಮುಂದಿಡುತ್ತೇವೆ. ಸೋಲಿಗೆ ಕಾರಣವಾದ ನಿರ್ಧಾರ ಮಾಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಮೊದಲನೆಯದು. ನಿಯಮವೇನು, ಆರೋಪವೇನು ಎಂಬುದು ಆರೋಪಿಗೆ ಮುಂಚಿತವಾಗಿ ತಿಳಿದಿತ್ತೇ ಎಂಬುದು ಎರಡನೆಯದು. ತೀರ್ಪು ಕೊಡುವವನೂ ಅದೇ ಅಳತೆಗೆ ಒಳಪಡುತ್ತಾನೆಯೇ ಎಂಬುದು ಮೂರನೆಯದು. ಯಾವುದೇ ಸಂಘದ ಕಾರ್ಯದರ್ಶಿಯು ಯಾವುದೇ ವಿಚಾರಣೆಯಲ್ಲಿ ಕೇಳುವ ಮಾತುಗಳೇ ಇವು, ಹೊಸದೇನೂ ಇಲ್ಲ.

ಪಾನಕದ ಮೊಕದ್ದಮೆ

ಮೊದಲ ವಾರದ ಕೆಲಸ ನ್ಯೂಯಾರ್ಕಿನ ಬೀದಿಯಲ್ಲಿ ನಿಂಬೆಹಣ್ಣಿನ ಪಾನಕ ಮಾರುವುದು. ಹೆಂಗಸರ ತಂಡ ಗೆದ್ದಿತು. ಪಾನಕದ ಜೊತೆಗೆ ಕೆನ್ನೆಗೊಂದು ಮುತ್ತು, ಟೆಲಿಫೋನು ನಂಬರು ಎಂದೆಲ್ಲ ಆಸೆ ತೋರಿಸಿ ಅವರು ಗಿರಾಕಿಗಳನ್ನು ಸೆಳೆದರು. ಗಂಡಸರ ತಂಡದ ನಾಯಕ ಟ್ರಾಯ್ ಮೆಕ್ಲೇನ್. ಆ ತಂಡದ ಸ್ಯಾಮ್ ಸೊಲೊವೆ ಎಂಬವರು ಒಂದೇ ಲೋಟ ಪಾನಕವನ್ನು ಸಾವಿರ ಡಾಲರಿಗೆ ಮಾರಲು ಹೊರಟು ಹೊತ್ತು ಕಳೆದರು. ಸೋತ ಮೇಲೆ ನಾಯಕನು ಸೊಲೊವೆಯನ್ನೂ ಡೇವಿಡ್ ಗೂಲ್ಡ್ ಎಂಬ ಇನ್ನೊಬ್ಬರನ್ನೂ ಧಣಿಯ ಕೊಠಡಿಗೆ ಕರೆದುಕೊಂಡು ಹೋದನು. ಗೂಲ್ಡ್ ವೈದ್ಯಶಾಸ್ತ್ರವನ್ನೂ ವ್ಯಾಪಾರಶಾಸ್ತ್ರವನ್ನೂ ಓದಿದವರು. ಹೊರಗೆ ಹೋದವರು ಅವರೇ.

ನಮ್ಮ ಮೊದಲ ಅಳತೆಯನ್ನು ಇಲ್ಲಿ ಇಟ್ಟು ನೋಡಿ. ತಂಡವನ್ನು ನಡೆಸಿದವರು ಗೂಲ್ಡ್ ಅಲ್ಲ. ಲೋಟಕ್ಕೆ ಸಾವಿರ ಡಾಲರು ಬೆಲೆ ಕಟ್ಟಿದವರೂ ಅವರಲ್ಲ. ಅವರು ಮಾರಾಟದಲ್ಲಿ ಹಿಂದೆ ಬಿದ್ದಿದ್ದರೆನ್ನೋಣ. ಕೆಲಸ ಕಲಿಯಲು ಬಂದ ಉಮೇದುವಾರನು ಮೊದಲ ದಿನವೇ ಬೀದಿ ವ್ಯಾಪಾರದಲ್ಲಿ ಪಳಗಿರಬೇಕೆಂದು ಕೇಳುವುದಾದರೆ ಅವನನ್ನು ಉಮೇದುವಾರನೆಂದು ಕರೆದದ್ದಾದರೂ ಏಕೆ? ಗಾರೆ ಕೆಲಸದ ಮೇಸ್ತ್ರಿ ಕೂಡ ಹುಡುಗನ ಕೈಗೆ ಮೊದಲು ಕರಣೆ ಕೊಟ್ಟು, ಗೋಡೆ ಸೊಟ್ಟಗಾದರೆ ತಾನೇ ನಿಂತು ತಿದ್ದುತ್ತಾನೆ. ಟ್ರಂಪ್ ಅವರ ಕೊಠಡಿಯಲ್ಲಿ ತಿದ್ದುವ ಕಾರ್ಯಕ್ರಮವಿರಲಿಲ್ಲ. ಪ್ರತಿ ವಾರ ಒಬ್ಬನು ಹೋಗಲೇಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಹೋಗುವವನ ತಪ್ಪನ್ನು ಆಮೇಲೆ ಹುಡುಕಿಕೊಳ್ಳಬೇಕಿತ್ತು. ನಮ್ಮ ತೀರ್ಪು: ಆ ವಾರ ಹೋಗಬೇಕಾದ ಸರದಿ ಸೊಲೊವೆಯದು. ಎರಡು ವಾರ ಕಳೆದ ಮೇಲೆ ಅವರೂ ಹೋದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಸೋತ ತಂಡದ ನಾಯಕನು ತನ್ನ ಜೊತೆಗೆ ಆರೋಪಿಗಳಾಗಿ ಕೂರಬೇಕಾದವರನ್ನು ತಾನೇ ಆರಿಸಬೇಕು. ಆರಿಸಲ್ಪಟ್ಟವರು ತಾವು ಉಳಿಯಬೇಕಾದರೆ ನಾಯಕನ ಮೇಲೋ ಪಕ್ಕದವನ ಮೇಲೋ ದೂರು ಹೇಳಬೇಕು. ಹಿಂದಿನ ದಿನ ಒಂದೇ ಬಂಡಿಯನ್ನು ತಳ್ಳಿದವರು ಈಗ ಒಬ್ಬರ ಮೇಲೊಬ್ಬರು ಸಾಕ್ಷಿ ನುಡಿಯುತ್ತಾರೆ. ಧಣಿಯು ಸುಮ್ಮನೆ ಕೇಳುತ್ತ ಕುಳಿತಿದ್ದರೆ ಸಾಕು. ಕೆಲಸ ಯಾವುದು, ಅದಕ್ಕೆ ದುಡ್ಡೆಷ್ಟು, ದಿನವೆಷ್ಟು, ಇದನ್ನೆಲ್ಲ ಗೊತ್ತುಮಾಡಿದವರು ಮೇಜಿನ ಆಚೆ ಕಡೆಯವರು. ಆ ನಿರ್ಧಾರಗಳು ಸರಿಯೋ ತಪ್ಪೋ ಎಂಬ ಪ್ರಶ್ನೆ ಈಚೆ ಕಡೆಯವರ ಬಾಯಿಂದ ಬರಲು ಅವಕಾಶವೇ ಇಲ್ಲ. ದೊಡ್ಡ ಕಂಪೆನಿಗಳಲ್ಲಿ ಮೇಸ್ತ್ರಿಗಳನ್ನೂ ಕೆಲಸಗಾರರನ್ನೂ ಎತ್ತಿಕಟ್ಟುವ ವಿದ್ಯೆ ಇದೇ ಆಗಿದೆ. ಅಲ್ಲಿ ಅದು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಇಲ್ಲಿ ದೀಪ ಹಾಕಿ ತೋರಿಸಿದರು.

ರಕ್ಷಣೆ ಬಿಟ್ಟುಕೊಟ್ಟ ವಕೀಲ

ಎರಡನೆಯ ಮೊಕದ್ದಮೆ ಅದೇ 2004ರ ಎರಡನೆಯ ಸುತ್ತಿನದು. ಬ್ರಾಡ್‌ಫರ್ಡ್ ಕೋಹೆನ್ ಎಂಬ ವಕೀಲರು ಮೊದಲ ವಾರ ತಮ್ಮ ತಂಡವನ್ನು ಗೆಲ್ಲಿಸಿದ್ದರು. ಅದಕ್ಕೆ ಬಹುಮಾನವಾಗಿ ಮುಂದಿನ ವಾರ ಅವರನ್ನು ತೆಗೆಯುವಂತಿಲ್ಲ ಎಂಬ ರಕ್ಷಣೆ ಅವರಿಗೆ ಸಿಕ್ಕಿತ್ತು. ಎರಡನೆಯ ವಾರ ಐಸ್‌ಕ್ರೀಂ ಮಾರುವ ಕೆಲಸದಲ್ಲಿ ಅವರ ತಂಡ ಸೋತಿತು. ಕೊಠಡಿಯಲ್ಲಿ ಕುಳಿತ ಕೋಹೆನ್ ತಮಗೆ ಈ ರಕ್ಷಣೆ ಬೇಕಿಲ್ಲವೆಂದು ತಾವಾಗಿಯೇ ಬಿಟ್ಟುಕೊಟ್ಟರು. ಇದು ಮೂರ್ಖತನದ ಕೆಲಸವೆಂದು ಹೇಳಿ ಧಣಿಯು ಅವರನ್ನೇ ತೆಗೆದುಹಾಕಿದರು.

ಧಣಿಯ ಪರವಾಗಿ ಹೇಳಬಹುದಾದ ಮಾತೊಂದಿದೆ. ಕೈಯಲ್ಲಿದ್ದ ಗುರಾಣಿಯನ್ನು ಕಾರಣವಿಲ್ಲದೆ ಎಸೆಯುವವನು ನಾಳೆ ಕಂಪೆನಿಯ ಹಣವನ್ನೂ ಹಾಗೆಯೇ ಎಸೆದಾನು ಎಂಬ ವಾದ ಪೂರಾ ಪೊಳ್ಳಲ್ಲ. ಕೋಹೆನ್ ಅವರ ನಡೆಯಲ್ಲಿ ಜಂಭವಿದ್ದಿರಬಹುದು. ಆದರೆ ಆ ದಿನ ವಿಚಾರಣೆಗೆ ಬಂದಿದ್ದ ಆರೋಪ ಯಾವುದು? ಐಸ್‌ಕ್ರೀಂ ಮಾರಾಟದ ಸೋಲು. ಶಿಕ್ಷೆಯಾದದ್ದು ಕೊಠಡಿಯಲ್ಲಿ ಆಡಿದ ಒಂದು ಮಾತಿಗೆ. ಒಂದು ಆರೋಪಕ್ಕೆಂದು ಕರೆದು, ಅಲ್ಲಿ ಕುಳಿತ ಮೇಲೆ ಇನ್ನೊಂದನ್ನು ಹೊರಿಸಿ ಕಳಿಸುವುದಾದರೆ ವಿಚಾರಣೆ ಎಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ನಮ್ಮ ಎರಡನೆಯ ಅಳತೆಯಲ್ಲಿ ಈ ತೀರ್ಪು ನಿಲ್ಲುವುದಿಲ್ಲ. ಆ ವಾರದ ಸೋಲಿಗೆ ಉತ್ತರ ಹೇಳಬೇಕಾದವರು ಆ ವಾರದ ಕೆಲಸವನ್ನು ನಡೆಸಿದವರೇ.

ಕೊನೆಯ ಪರೀಕ್ಷೆ

ಮೂರನೆಯದು ಮೊದಲ ಸುತ್ತಿನ ಅಂತಿಮ ಘಟ್ಟ. ಬಿಲ್ ರಾನ್ಸಿಕ್, ಕ್ವಾಮಿ ಜಾಕ್ಸನ್ ಎಂಬ ಇಬ್ಬರು ಉಳಿದಿದ್ದರು. ರಾನ್ಸಿಕ್ ಅವರಿಗೆ ಗಾಲ್ಫ್ ಪಂದ್ಯ ನಡೆಸುವ ಕೆಲಸ. ಹಾರ್ವರ್ಡಿನಲ್ಲಿ ವ್ಯಾಪಾರಶಾಸ್ತ್ರ ಓದಿದ ಕರಿಯ ಯುವಕ ಜಾಕ್ಸನ್ ಅವರಿಗೆ ಅಟ್ಲಾಂಟಿಕ್ ಸಿಟಿಯ ಟ್ರಂಪ್ ತಾಜ್ ಮಹಲ್ ಎಂಬ ಜೂಜುಗೃಹದಲ್ಲಿ ಗಾಯಕಿ ಜೆಸಿಕಾ ಸಿಂಪ್ಸನ್ ಅವರ ಸಂಗೀತ ಕಾರ್ಯಕ್ರಮ ನಡೆಸುವ ಕೆಲಸ. ಮುಂಚೆ ಹೊರಗೆ ಹೋಗಿದ್ದವರಲ್ಲಿ ಕೆಲವರು ಸಹಾಯಕ್ಕೆ ಬಂದರು. ಜಾಕ್ಸನ್ ಅವರ ಸಹಾಯಕರಲ್ಲಿ ಓಮರೋಸಾ ಎಂಬ ಮಹಿಳೆಯೂ ಇದ್ದರು. ಗಾಯಕಿಯ ಪ್ರಯಾಣದ ವ್ಯವಸ್ಥೆ ಗೊಂದಲವಾದಾಗ ಆಕೆ ತಮ್ಮ ನಾಯಕನಿಗೇ ನಿಜ ಹೇಳಲಿಲ್ಲವೆಂದು ಪರದೆ ತೋರಿಸಿತು. ಏಪ್ರಿಲ್ 15ರಂದು ರಾನ್ಸಿಕ್ ಗೆದ್ದರು.

ಇಲ್ಲಿ ಜಾಕ್ಸನ್ ಅವರ ಲೋಪವಿಲ್ಲವೆಂದು ನಾವು ಹೇಳುವುದಿಲ್ಲ. ಸುಳ್ಳು ಹೇಳುವವರೆಂದು ಗೊತ್ತಾದ ಮೇಲೆ ಮುಖ್ಯ ಹೊಣೆಯನ್ನು ಅವರ ಕೈಯಿಂದ ತೆಗೆದು ಬೇರೆಯವರಿಗೆ ಕೊಡಬೇಕಾಗಿತ್ತು. ಆದರೂ ಸಂಗೀತ ಕಾರ್ಯಕ್ರಮ ನಡೆದೇ ನಡೆಯಿತು. ಧಣಿಯು ಜಾಕ್ಸನ್ ಅವರ ಮೇಲೆ ಹೊರಿಸಿದ ಮುಖ್ಯ ಆಕ್ಷೇಪ ಏನು? ಆಕೆಯನ್ನು ಏಕೆ ಕೆಲಸದಿಂದ ತೆಗೆಯಲಿಲ್ಲ ಎಂಬುದು. ಅಂಥ ಅಧಿಕಾರ ತಮಗಿದೆಯೆಂದೇ ತಿಳಿದಿರಲಿಲ್ಲ ಎಂದರು ಜಾಕ್ಸನ್. ಇದು ನಂಬತಕ್ಕ ಮಾತು. ಸ್ಪರ್ಧೆಯ ಉದ್ದಕ್ಕೂ ಯಾರನ್ನಾದರೂ ತೆಗೆಯುವ ಹಕ್ಕು ಮೇಜಿನ ಆಚೆ ಕುಳಿತ ಒಬ್ಬರಿಗೆ ಮಾತ್ರ ಇತ್ತಲ್ಲ! ಹೇಳದ ನಿಯಮವನ್ನು ಮುರಿದನೆಂದು ದೋಷ ಹೊರಿಸಿದಂತಾಯಿತು. ಇದಕ್ಕಿಂತ ಹೆಚ್ಚಾಗಿ, ಕೆಲಸ ಕಲಿಯಲು ಬಂದವನು ಕಡೆಯ ಪರೀಕ್ಷೆಯಲ್ಲಿ ತೋರಿಸಬೇಕಾದ ವಿದ್ಯೆ ಇನ್ನೊಬ್ಬನನ್ನು ಹೊರಹಾಕುವುದು ಎಂದು ಅಲ್ಲಿ ಸ್ಪಷ್ಟವಾಯಿತು. ರಾನ್ಸಿಕ್ ಅವರ ಗೆಲುವನ್ನು ನಾವು ಅಲ್ಲಗಳೆಯುವುದಿಲ್ಲ. ಅವರು ತಮ್ಮ ಪಂದ್ಯವನ್ನು ಅಚ್ಚುಕಟ್ಟಾಗಿ ನಡೆಸಿದರು. ಜಾಕ್ಸನ್ ಸೋತದ್ದಕ್ಕೆ ಕೊಟ್ಟ ಕಾರಣವನ್ನು ಮಾತ್ರ ಒಪ್ಪಲಾರೆವು.

ಇದರ ಜೊತೆಗೆ 2005ರ ಡಿಸೆಂಬರಿನ ಸಂಗತಿಯನ್ನೂ ಇಡಬೇಕು. ನಾಲ್ಕನೆಯ ಸುತ್ತಿನಲ್ಲಿ ರಾಂಡಲ್ ಪಿಂಕೆಟ್ ಗೆದ್ದರು. ಈ ಸ್ಪರ್ಧೆಯಲ್ಲಿ ಗೆದ್ದ ಮೊದಲ ಕರಿಯರು ಅವರೇ. ಗೆಲುವು ಸಾರಿದ ಮರುಕ್ಷಣವೇ ಧಣಿಯು, ಎರಡನೆಯವರಾದ ರೆಬೆಕಾ ಜಾರ್ವಿಸ್ ಅವರನ್ನೂ ತೆಗೆದುಕೊಳ್ಳಲೇ ಎಂದು ಪಿಂಕೆಟ್ ಅವರನ್ನು ಎಲ್ಲರೆದುರಿಗೆ ಕೇಳಿದರು. ಬೇಡ, ಗೆದ್ದವರು ಒಬ್ಬರೇ ಎಂದರು ಪಿಂಕೆಟ್. ಇವನೆಂಥ ಸ್ವಾರ್ಥಿ ಎಂದು ಬಹಳ ಮಂದಿ ಬೈದರು. ಹಂಚಿಕೊಂಡು ತಿನ್ನಬೇಕೆಂದು ಹೇಳುವ ನಮ್ಮಂಥವರು ಜಾರ್ವಿಸ್ ಅವರ ಪರ ಇರಬೇಕಲ್ಲವೇ ಎಂದು ಯಾರಾದರೂ ಕೇಳಿಯಾರು. ನಮ್ಮ ಉತ್ತರ ಹೀಗಿದೆ. ಹಿಂದೆ ಗೆದ್ದ ಮೂವರಲ್ಲಿ ಯಾರಿಗೂ ಈ ಪ್ರಶ್ನೆ ಹಾಕಿರಲಿಲ್ಲ. ಕೆಲಸ ಕೊಡುವ ಧಣಿಗೆ ಇಬ್ಬರೂ ಬೇಕೆನಿಸಿದ್ದರೆ ತಡೆಯುವವರು ಯಾರೂ ಇರಲಿಲ್ಲ. ತನ್ನ ಖರ್ಚಿನಲ್ಲಿ ಇಬ್ಬರಿಗೂ ಕೆಲಸ ಕೊಡಬಹುದಾಗಿತ್ತು. ಅದನ್ನು ಬಿಟ್ಟು, ಗೆದ್ದವನ ಎಲೆಯಲ್ಲಿದ್ದುದನ್ನು ತೋರಿಸಿ ದಾನ ಮಾಡು ಎಂದರೆ ಕೊಟ್ಟ ಪುಣ್ಯ ಧಣಿಗೆ, ಕೊಡದ ಪಾಪ ಪಿಂಕೆಟ್ ಅವರಿಗೆ. ಪಿಂಕೆಟ್ ಅವರು ಮಾಡಿದ್ದು ಸರಿ.

ಕಡತ ಬರೆದವರು

ಇಷ್ಟು ಮೊಕದ್ದಮೆಗಳಿಗೆ ತೀರ್ಪು ಕೊಟ್ಟೆವಲ್ಲ, ನಮಗೆ ಸಾಕ್ಷ್ಯ ಎಲ್ಲಿಂದ ಬಂತು? ಪರದೆಯಿಂದ. ಪರದೆಗೆ ಎಲ್ಲಿಂದ ಬಂತು? ಗಂಟೆಗಟ್ಟಲೆ ತೆಗೆದ ಚಿತ್ರವನ್ನು ಕತ್ತರಿಸಿ ಜೋಡಿಸಿದವರಿಂದ. 2019ರ ಜನವರಿಯಲ್ಲಿ ನ್ಯೂಯಾರ್ಕರ್ ಪತ್ರಿಕೆಯು ಈ ಸ್ಪರ್ಧೆಯ ನಿರ್ಮಾಪಕ ಮಾರ್ಕ್ ಬರ್ನೆಟ್ ಅವರನ್ನು ಕುರಿತು ದೀರ್ಘ ಲೇಖನವೊಂದನ್ನು ಪ್ರಕಟಿಸಿತು. ಚಿತ್ರವನ್ನು ಕತ್ತರಿಸುವ ಕೆಲಸದಲ್ಲಿದ್ದವರೇ ಅದರಲ್ಲಿ ಹೇಳಿದ್ದಾರೆ: ಧಣಿಯು ಕೆಲವೊಮ್ಮೆ ಮನಸ್ಸಿಗೆ ಬಂದವರನ್ನು ತೆಗೆದುಬಿಡುತ್ತಿದ್ದರು, ಆಮೇಲೆ ತಾವು ಹಿಂದಿನ ಚಿತ್ರವನ್ನೆಲ್ಲ ಜಾಲಾಡಿ, ಹೋದವನು ಹೋಗಬೇಕಾದವನೇ ಎಂದು ಕಾಣುವಂತೆ ಹೊಲಿಯಬೇಕಾಗುತ್ತಿತ್ತು. ಆ ಭವ್ಯವಾದ ಸಭಾ ಕೊಠಡಿ ಕೂಡ ಟ್ರಂಪ್ ಗೋಪುರದೊಳಗೆ ಸ್ಪರ್ಧೆಗೆಂದೇ ಕಟ್ಟಿದ ರಂಗಸಜ್ಜಿಕೆ.

ಹಾಗಾದರೆ ಮನೆಯಲ್ಲಿ ಕುಳಿತು ನ್ಯಾಯ ಹೇಳಿದ ಲಕ್ಷಾಂತರ ಜನರು, ತೀರ್ಪು ಆದ ಮೇಲೆ ತಯಾರಾದ ಕಡತವನ್ನು ಓದಿ ತೀರ್ಪು ಸರಿಯೆಂದು ತಲೆದೂಗಿದಂತಾಯಿತು. ಇದು ಟೆಲಿವಿಷನ್ನಿಗೆ ಮಾತ್ರ ಸೇರಿದ ರೋಗವೆಂದು ತಿಳಿಯಬೇಡಿ. ಮೊದಲು ಆಸಾಮಿಯನ್ನು ಗೊತ್ತುಮಾಡಿಕೊಂಡು ಆಮೇಲೆ ತಡವಾಗಿ ಬಂದ ದಿನಗಳನ್ನು ಎಣಿಸಲು ಕೂರುವ ಆಡಳಿತ ವರ್ಗವನ್ನು ದುಡಿಯುವ ಜನ ಚೆನ್ನಾಗಿ ಬಲ್ಲರು. ಅಮೆರಿಕದಲ್ಲಂತೂ ಬಹುಪಾಲು ಖಾಸಗಿ ನೌಕರರನ್ನು ಕಾರಣ ಹೇಳದೆ ತೆಗೆಯಲು ಕಾನೂನೇ ಅಡ್ಡಿ ಮಾಡುವುದಿಲ್ಲ. ಸಂಘದ ಒಪ್ಪಂದವಿದ್ದವರಿಗೆ ರಕ್ಷಣೆಯುಂಟು. ರಾಜ್ಯಗಳ ಪೈಕಿ ಮೊಂಟಾನಾ ಒಂದೇ, ಹೊಸದಾಗಿ ಸೇರಿದವರ ಪರೀಕ್ಷಾ ಅವಧಿ ಮುಗಿದ ಮೇಲೆ ತಕ್ಕ ಕಾರಣವಿಲ್ಲದೆ ತೆಗೆಯಬಾರದೆಂದು 1987ರಲ್ಲಿ ಸಾಮಾನ್ಯ ಕಾನೂನು ಮಾಡಿತು. ಅಂಥ ದೇಶದಲ್ಲಿ ಕಾರಣ ಹೇಳಿ ತೆಗೆಯುವ ಧಣಿಯು ನ್ಯಾಯವಂತನಾಗಿ ಕಂಡದ್ದು ಆಶ್ಚರ್ಯವಲ್ಲ.

ತಾಜ್ ಮಹಲಿನ ಲೆಕ್ಕ

ಈಗ ಮೂರನೆಯ ಅಳತೆಗೆ ಬರೋಣ. ಜಾಕ್ಸನ್ ಅವರ ಪರೀಕ್ಷೆ ನಡೆದ ಅದೇ ತಾಜ್ ಮಹಲನ್ನು ಶ್ರೀ ಟ್ರಂಪ್ ಅವರು 1990ರ ಏಪ್ರಿಲಿನಲ್ಲಿ ತೆರೆದರು. ಅದನ್ನು ಮುಗಿಸಲು ಅವರು 67 ಕೋಟಿ 50 ಲಕ್ಷ ಡಾಲರುಗಳ ಬಾಂಡುಗಳನ್ನು ಶೇಕಡಾ 14ರ ಬಡ್ಡಿಗೆ ಮಾರಿದ್ದರು. ಜೂಜುಗೃಹದ ಗಳಿಕೆ ಈ ಬಡ್ಡಿಗೆ ಸಾಲಲಿಲ್ಲ. 1991ರಲ್ಲಿ ಅದು ದಿವಾಳಿ ನ್ಯಾಯಾಲಯಕ್ಕೆ ಹೋಯಿತು. 1992ರಲ್ಲಿ ಅವರ ಇನ್ನಿತರ ಜೂಜುಗೃಹಗಳೂ ನ್ಯೂಯಾರ್ಕಿನ ಪ್ಲಾಜಾ ಹೋಟೆಲೂ ಅದೇ ದಾರಿ ಹಿಡಿದವು. 2004ರ ನವೆಂಬರಿನಲ್ಲಿ, ಅಂದರೆ ಸ್ಪರ್ಧೆಯ ಎರಡನೆಯ ಸುತ್ತು ಪ್ರಸಾರವಾಗುತ್ತಿದ್ದಾಗಲೇ, ಸುಮಾರು 180 ಕೋಟಿ ಡಾಲರುಗಳ ಸಾಲ ಹೊತ್ತಿದ್ದ ಅವರ ಜೂಜುಗೃಹ ಕಂಪೆನಿಯು ಮತ್ತೊಮ್ಮೆ ದಿವಾಳಿ ರಕ್ಷಣೆ ಬೇಡಿತು.

ಓದುಗರೇ ಲೆಕ್ಕ ಹಾಕಿ. ಪಾನಕದ ಲೋಟಕ್ಕೆ ತಪ್ಪು ಬೆಲೆ ಕಟ್ಟಿದವನೂ ಐಸ್‌ಕ್ರೀಂ ಸಾಲದಷ್ಟು ಮಾರಿದವರೂ ಪೆಟ್ಟಿಗೆ ಹಿಡಿದು ಹೊರಗೆ ನಡೆದರು. 180 ಕೋಟಿ ಡಾಲರುಗಳ ಸಾಲದ ಕಂಪೆನಿಯ ಮುಖ್ಯಸ್ಥರು ಅವರನ್ನು ಕಳಿಸುವ ಕುರ್ಚಿಯಲ್ಲಿ ಕುಳಿತಿದ್ದರು. ದಿವಾಳಿಯ ನಂತರ ಕಂಪೆನಿಯಲ್ಲಿ ಅವರ ಪಾಲು ಕಡಿಮೆಯಾಯಿತು, ನಿಜ. ಅಧ್ಯಕ್ಷ ಪದವಿ ಉಳಿಯಿತು. ಸ್ಪರ್ಧೆಯೂ ಅದರಿಂದ ಬಂದ ಹೆಸರನ್ನು ಮಾರಿದ ವ್ಯವಹಾರಗಳೂ ಸೇರಿ ಅವರಿಗೆ ವರ್ಷಗಳ ಅವಧಿಯಲ್ಲಿ ಒಟ್ಟು 42 ಕೋಟಿ ಡಾಲರಿಗೂ ಹೆಚ್ಚು ಆದಾಯ ಬಂತೆಂದು 2020ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅವರ ತೆರಿಗೆ ದಾಖಲೆಗಳ ಆಧಾರದಿಂದ ಬರೆಯಿತು. ಹೋಟೆಲು ನಡೆಸಿದ್ದರಲ್ಲಿ ಬಾರದ ಹಣ, ಹೋಟೆಲು ನಡೆಸಬಲ್ಲ ಧಣಿಯ ವೇಷದಲ್ಲಿ ಬಂತು.

ತಾಜ್ ಮಹಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದು ಟ್ರಂಪ್ ಅವರ ಕೈಯಿಂದ ಹೋಗಿ, ಮತ್ತೆ ದಿವಾಳಿಯಾಗಿ, 2016ರಲ್ಲಿ ಕಾರ್ಲ್ ಐಕಾನ್ ಎಂಬ ಇನ್ನೊಬ್ಬ ಕೋಟ್ಯಾಧೀಶರ ವಶವಾಯಿತು. ದಿವಾಳಿಯ ವ್ಯವಹಾರದಲ್ಲಿ ನೌಕರರ ಆರೋಗ್ಯ ವಿಮೆಯನ್ನೂ ನಿವೃತ್ತಿ ವೇತನದ ವಂತಿಗೆಯನ್ನೂ ಕಿತ್ತುಹಾಕಿದ್ದರು. ಅವುಗಳನ್ನು ಮರಳಿ ಕೊಡಿ ಎಂದು ಅಡಿಗೆಯವರು, ಬಡಿಸುವವರು, ಕೊಠಡಿ ಗುಡಿಸುವವರು 2016ರ ಜುಲೈ 1ರಂದು ಮುಷ್ಕರ ಹೂಡಿದರು. ಅಕ್ಟೋಬರ್ 10ರಂದು ಜೂಜುಗೃಹದ ಬಾಗಿಲು ಮುಚ್ಚಿತು. ಸುಮಾರು 3,000 ಜನರ ಕೆಲಸ ಹೋಯಿತು. ಅವರಲ್ಲಿ ಯಾರು ಶೇಕಡಾ 14ರ ಬಡ್ಡಿಗೆ ಸಹಿ ಹಾಕಿದ್ದರು? ಇಪ್ಪತ್ತಾರು ವರ್ಷ ಹಾಸಿಗೆಗಳ ಮೇಲೆ ಶುಭ್ರವಾದ ವಸ್ತ್ರ ಹೊದಿಸಿದವರ ಕೆಲಸದಲ್ಲಿ ಯಾವ ಕೊರತೆಯಿತ್ತೆಂದು ಅವರನ್ನು ಕಳಿಸಿದರು? ಅವರನ್ನು ಕಳಿಸುವಾಗ ಕೊಠಡಿಯಿಲ್ಲ, ಮೇಜಿಲ್ಲ, ಬೆರಳು ತೋರಿಸುವವರೂ ಇಲ್ಲ. ಅವರು ಹೋಗಬೇಕಾದವರೇ ಎಂದು ಮರುದಿನ ವಾದ ಮಾಡಿದವರೂ ಇರಲಿಲ್ಲ.

ಆಟ ಸರ್ಕಾರಕ್ಕೆ ಬಂದಾಗ

ಶ್ರೀ ಟ್ರಂಪ್ 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾದರು. ಮೊದಲ ಸುತ್ತಿನಲ್ಲಿ ಹೊರಗೆ ಹೋಗಿದ್ದ ಓಮರೋಸಾ ಅವರಿಗೆ ಶ್ವೇತಭವನದಲ್ಲಿ ಹುದ್ದೆ ಸಿಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೂ ಹೋಯಿತು. ಮೇ 9ರಂದು ಕೇಂದ್ರ ತನಿಖಾ ಸಂಸ್ಥೆ ಎಫ್.ಬಿ.ಐ.ನ ಮುಖ್ಯಸ್ಥ ಜೇಮ್ಸ್ ಕೋಮಿ ಅವರು ಲಾಸ್ ಏಂಜಲೀಸಿನಲ್ಲಿ ತಮ್ಮ ನೌಕರರ ಮುಂದೆ ಮಾತನಾಡುತ್ತಿದ್ದಾಗ, ತಮ್ಮನ್ನು ತೆಗೆದ ಸುದ್ದಿಯನ್ನು ಅಲ್ಲಿದ್ದ ಟೆಲಿವಿಷನ್ನಿನಲ್ಲೇ ನೋಡಿ ತಿಳಿದರು.

ದೊಡ್ಡವರ ಮಾತು ಹಾಗಿರಲಿ. 2025ರ ಫೆಬ್ರವರಿಯಲ್ಲಿ, ಎರಡನೆಯ ಬಾರಿ ಅಧ್ಯಕ್ಷರಾದ ಅವರ ಸರ್ಕಾರವು ಇನ್ನೂ ಪ್ರೊಬೇಷನ್ ಅವಧಿಯಲ್ಲಿದ್ದ ಸಾವಿರಾರು ಕೇಂದ್ರ ನೌಕರರನ್ನು ಒಟ್ಟೊಟ್ಟಿಗೆ ತೆಗೆದುಹಾಕಿತು. ಅನೇಕರಿಗೆ ಬಂದ ಪತ್ರದಲ್ಲಿ, ನಿಮ್ಮ ಕೆಲಸ ತೃಪ್ತಿಕರವಾಗಿಲ್ಲವೆಂಬ ಒಂದೇ ಒಕ್ಕಣೆ. ಸಂಘಗಳು ನ್ಯಾಯಾಲಯಕ್ಕೆ ಹೋದವು. ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಮಾರ್ಚಿನಲ್ಲಿ, ಕೆಲಸದ ಗುಣವೆಂಬ ಕಾರಣ ಸುಳ್ಳು ನೆಪವೆಂದು ಹೇಳಿ ಆರು ಇಲಾಖೆಗಳ ನೌಕರರನ್ನು ಮರಳಿ ಸೇರಿಸಿಕೊಳ್ಳಲು ಆಜ್ಞೆ ಮಾಡಿದರು. ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಗೆ ತಡೆ ಹಾಕಿತು. ಸೆಪ್ಟೆಂಬರಿನಲ್ಲಿ ಆಲ್ಸಪ್ ಅವರು, ತೆಗೆದದ್ದು ಕಾನೂನುಬಾಹಿರವೇ ಎಂದು ತೀರ್ಪು ಕೊಟ್ಟರು. ಕೆಲಸ ಮರಳಿ ಕೊಡಿಸಲು ಅವರಿಗೆ ಸಾಧ್ಯವಾಗಲಿಲ್ಲ. ಇವರನ್ನು ತೆಗೆದದ್ದು ಕೆಲಸದ ಕೊರತೆಯಿಂದಲ್ಲ ಎಂದು ಕಡತಗಳನ್ನು ತಿದ್ದಿ ನೌಕರರಿಗೆ ಪತ್ರ ಕಳಿಸಬೇಕೆಂದು ಮಾತ್ರ ಆಜ್ಞಾಪಿಸಿದರು. ಅನ್ನ ಹೋದ ಮೇಲೆ ಹೆಸರಾದರೂ ಉಳಿಯಲಿ ಎಂಬಷ್ಟು ನ್ಯಾಯ ಸಿಕ್ಕಿತು. ಅಷ್ಟೂ ಸಿಕ್ಕಿದ್ದು ಸಂಘಗಳು ನಿಂತು ಹೋರಾಡಿದ್ದರಿಂದ.

ಆದುದರಿಂದ ಯಾರು ಹೊರಗೆ ಹೋಗಬೇಕಿತ್ತು ಎಂಬ ವಾದವನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಸರಿಯಾಗಿ ಮಾಡಿ ಎನ್ನುತ್ತೇವೆ. ಪಾನಕದಲ್ಲಿ ಸೊಲೊವೆ ಹೋಗಬೇಕಿತ್ತು, ಗೂಲ್ಡ್ ಉಳಿಯಬೇಕಿತ್ತು. ಐಸ್‌ಕ್ರೀಮಿನ ಸೋಲಿಗೆ ಕೋಹೆನ್ ಹೋಗಬೇಕಾಗಿರಲಿಲ್ಲ. ಜಾಕ್ಸನ್ ಸೋಲಬಹುದಿತ್ತು, ಆ ಕಾರಣಕ್ಕೆ ಅಲ್ಲ. ತಾಜ್ ಮಹಲಿನ 3,000 ಜನರಲ್ಲಿ ಒಬ್ಬರೂ ಹೋಗಬೇಕಾದವರಲ್ಲ. ತಂಡ ಸೋತರೆ ನಾಯಕನು ಉತ್ತರ ಹೇಳಬೇಕೆಂಬುದು ಆ ಕೊಠಡಿಯ ನಿಯಮವೇ ಆಗಿತ್ತು. ಅದೇ ನಿಯಮವನ್ನು ಮೇಜಿನ ಆಚೆ ಕಡೆಗೂ ಹಿಡಿದಿದ್ದರೆ 2004ರ ನವೆಂಬರಿನಲ್ಲಿ ಮೊದಲು ಏಳಬೇಕಾದವರು ಧಣಿಯೇ. ನಾಳೆ ನಿಮ್ಮ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಇಂತಿಷ್ಟು ಜನ ಹೋಗಬೇಕೆಂಬ ಪಟ್ಟಿ ಅಂಟಿಸಿದಾಗ, ಅದರಲ್ಲಿರುವ ಹೆಸರುಗಳ ಪೈಕಿ ಯಾರು ಅರ್ಹರೆಂದು ಚರ್ಚೆಗೆ ಕೂರುವ ಮೊದಲು, ಪಟ್ಟಿಗೆ ಸಹಿ ಹಾಕಿದವರ ಲೆಕ್ಕಪುಸ್ತಕವನ್ನು ತರಿಸಿ ನೋಡಿ.